ನೀಲಿ ದೀಪದಲ್ಲಿ ಕಂಡ ಹೆಬ್ಬೆರಳು

ರತ್ನವ್ವಾ, ಆ ಬೆರಳಿನ ಗುರುತು ನಿಮ್ಮದಲ್ಲ, ನನ್ನದು. ಅದು ನನಗೆ ಅವತ್ತೇ ಗೊತ್ತಿತ್ತು.

ನಾಸಿಕದ ಆ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡಿಗೆ ತೇವ ಹೊಗದಂತೆ ಲೇಪನ ಹೊಡೆಯುವವನು ನಾನು; ಒಣಗಿದ್ದನ್ನು ಎತ್ತಿ ಡಬ್ಬಿಗೆ ತುಂಬುವವರು ನೀವು. ಗಾರೆ ಹೊರುವುದು ತಪ್ಪಿತು, ನೆರಳಿನ ಕೆಲಸ ಸಿಕ್ಕಿತು ಎಂದು ಎಷ್ಟು ಹಿಗ್ಗಿದ್ದಿರಿ! ಲೇಪನ ಒಣಗುವವರೆಗೆ ಗಡಿಯಾರ ನೋಡಿ ಕಾಯಬೇಕು, ಮುಟ್ಟಬಾರದು — ಅದು ನಿಯಮ. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು, ಎಲ್ಲ ಕೈಯಿಂದಲೇ ಕಲಿತವನು — ನನಗ್ಯಾಕೆ ಗಡಿಯಾರ? ಹೆಬ್ಬೆರಳಿಂದ ಮೂಲೆ ಒತ್ತಿ ನೋಡುತ್ತಿದ್ದೆ.

"ಅಣ್ಣಾರ, ನಿಮ್ಮ ಬೆರಳಿನ ಗಡಿಯಾರಕ್ಕ ಕೀಲಿ ಕೊಡೂದು ಯಾವಾಗ್ರಿ?" ಎಂದು ನೀವು ನಗುತ್ತಿದ್ದಿರಿ.

ಆ ಮಳೆಗಾಲದಲ್ಲಿ ಚಾಂದವಡದ ಕಡೆಯ ಹೊಲಗಳಿಂದ ಪಂಪಿನ ಬೋರ್ಡುಗಳು ವಾಪಸು ಬಂದವು. ನೀರು ಹೊಕ್ಕು ತಾಮ್ರ ಹಸಿರುಗಟ್ಟಿತ್ತು. ಸಾಹೇಬರು ಒಂದನ್ನು ನೀಲಿ ದೀಪದ ಕೆಳಗೆ ಹಿಡಿದರು. ಲೇಪನ ಇದ್ದಲ್ಲಿ ಹೊಳೆಯಿತು. ಮೂಲೆಯಲ್ಲಿ ಮಾತ್ರ ಕಪ್ಪಾಗಿ ಒಂದು ಬೆರಳು. ಅದರ ನಡುವೆ ಅಡ್ಡಗೆರೆ — ಬ್ಲೇಡು ತಾಗಿದ ನನ್ನ ಹಳೆಯ ಗಾಯ.

ಹಸಿ ಇದ್ದಾಗ ಮುಟ್ಟಿದ್ದು ಯಾರು ಎಂದರು. ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ. ನಿಮ್ಮ ಕಡೆ ತೋರಿಸಿ ಮರಾಠಿಯಲ್ಲಿ ಅಂದೆ — ಎತ್ತಿಡುವವಳು ಅವಳು, ಅವಳಿಗೆ ಅವಸರ ಜಾಸ್ತಿ.

ನಿಮಗಾಗ ಮರಾಠಿ ಬರುತ್ತಿರಲಿಲ್ಲ. "ಸಾಹೇಬ್ರು ಏನಂತಾರ್ರಿ ಅಣ್ಣಾರ?" ಎಂದು ನನ್ನನ್ನೇ ಕೇಳಿದಿರಿ.

"ನಾಳಿಂದ ಬರಬ್ಯಾಡ್ರಿ ಅಂತಾರ."

ಅಷ್ಟನ್ನೇ ಕನ್ನಡದಲ್ಲಿ ಹೇಳಿದೆ. ನಾನಂದದ್ದನ್ನು ಹೇಳಲಿಲ್ಲ. ನೀವು ಮೇಜು ಒರೆಸಿಟ್ಟು ಹೋದಿರಿ — ಕೊನೆಯ ದಿನವೂ.

ಈಗ ನಾನು ಸಂಭಾಜಿನಗರದಲ್ಲಿದ್ದೇನೆ. ಹೋದ ವಾರ ಇಲ್ಲೇ ಹತ್ತಿರದ ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆ ಕಟ್ಟುವಲ್ಲಿ ನಿಮ್ಮನ್ನು ಕಂಡೆ — ತಲೆಯ ಮೇಲೆ ಗಾರೆಯ ಬುಟ್ಟಿ. ಇಳಿಸಿ ನಕ್ಕಿರಿ, ಮಗಳನ್ನು ಕರೆದಿರಿ. "ಇವರ ನೋಡ, ನನಗ ಕೆಲಸಾ ಕಲಿಸಿದವರು." ಹುಡುಗಿ ನನ್ನ ಕಾಲು ಮುಟ್ಟಿದಳು. ನಾನು — ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ. ಎರಡನೇ ಸಲವೂ.

ನಿಮಗೆ ಅಕ್ಷರ ಬರುವುದಿಲ್ಲ. ಮಗಳು ಓದುವುದು ಮರಾಠಿ. ಭಾನುವಾರ ಬಂದು, ಈ ಕಾಗದವನ್ನು ಅವಳ ಎದುರಿಗೆ ನಾನೇ ಓದುತ್ತೇನೆ. ಆಮೇಲೆ ಮರಾಠಿಯಲ್ಲೂ ಹೇಳುತ್ತೇನೆ. ಈ ಸಲ ಒಂದು ಮಾತನ್ನೂ ಬಿಡುವುದಿಲ್ಲ.