ಏಳನೇ ಮಹಡಿಯ ಊಟ

ಗಂಟಲಲ್ಲಿ ನೀರೇ ಸರಿಯಾಗಿ ಇಳಿಯದವಳನ್ನು ಯಾರಾದರೂ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗುತ್ತಾರೆಯೇ?

ನಾವು ಹೋದೆವು. ಅದೂ ಎಂಥ ಹೋಟೆಲು! ಮುಂಬಯಿಯ ಸಮುದ್ರದ ದಂಡೆಯ ಮೇಲಿದೆ. ಊಟದ ಕೋಣೆ ಏಳನೇ ಮಹಡಿಯಲ್ಲಿ. ಬಾಗಿಲಲ್ಲಿ ಜರತಾರಿ ರುಮಾಲಿನ ಕಾವಲುಗಾರ. ಬಿಳಿ ಸಾಹೇಬರು ಹೋದರೂ ಅವರ ಚಾಕು, ಕಾಂಟಾ, ಚಮಚಗಳು ಹೋಗದೆ ಉಳಿದ ಜಾಗ.

ಕೆಲವು ವಾರ ಈ ಅಂಕಣ ಬರಲಿಲ್ಲ. ಯಾಕೆ ಎಂದು ನಿಮ್ಮಲ್ಲಿ ಕೆಲವರು ಸಂಪಾದಕರನ್ನು ಕೇಳಿದಿರಂತೆ. (ಪೀಡೆ ಹೋಯಿತು ಅಂದುಕೊಂಡವರೂ ಇರಬಹುದು.) ಕಾರಣ ಇಷ್ಟೇ. ಬನಹಟ್ಟಿಯ ನನ್ನ ಅಕ್ಕ ನೀಲವ್ವ ತೀರಿಕೊಂಡಳು. ಈ ವಾರ ಜಮಖಂಡಿಯ ಬಸ್ ಸ್ಟ್ಯಾಂಡಿನ ಧೂಳಿನ ಬಗ್ಗೆ ಬರೆಯೋಣವೆಂದು ಕುಳಿತೆ. ಒಂದೆರಡು ಸಾಲು ಬರೆದೆ. ಪೆನ್ನು ಮುಂದಕ್ಕೆ ಹೋಗಲಿಲ್ಲ. ಹಾಗಾಗಿ ಆ ಊಟದ ವಿಷಯವನ್ನೇ ಬರೆಯುತ್ತಿದ್ದೇನೆ.

ಅಕ್ಕನ ಗಂಡ ಮಲ್ಲಪ್ಪ ಮಾಮಾ ಸೀರೆ ವ್ಯಾಪಾರಿ. ಬನಹಟ್ಟಿಯ ಮಗ್ಗಗಳಿಂದ ಸೀರೆ ಕೊಂಡು ಮುಂಬಯಿ ಪೇಟೆಗೆ ಒಯ್ಯುವುದು ಅವರ ಕೆಲಸ. ಒಮ್ಮೆ ಅಲ್ಲಿನ ದೊಡ್ಡ ವ್ಯಾಪಾರಿಯೊಬ್ಬ ಅವರನ್ನು ಆ ಹೋಟೆಲಿಗೆ ಕರೆದೊಯ್ದು ಊಟ ಹಾಕಿಸಿದ್ದ. ಅಂದಿನಿಂದ ಮನೆಗೆ ಯಾರೇ ಬರಲಿ, ಆ ಏಳನೇ ಮಹಡಿಯ ಕಥೆ ಹೇಳಲೇಬೇಕು. ಮೇಲಿನಿಂದ ಸಮುದ್ರ ಹೇಗೆ ಕಂಡಿತು, ಬೇರರ್ ಹೇಗೆ ಬಗ್ಗಿ ನಿಂತ, ಪಲಾವಿನ ಮೇಲೆ ಏನೇನು ಉದುರಿಸಿದ್ದರು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು. ಯಾವಾಗಲಾದರೊಮ್ಮೆ ಅಲ್ಲಿಂದಲೇ ಅನ್ನುತ್ತಿದ್ದಳು:

“ನಮ್ಮನ್ನೂ ಒಮ್ಮಿ ಕರಕೊಂಡು ಹೋಗ್ರಲಾ.”

“ನೀ ಅಲ್ಲಿ ಬಂದು ಏನ ಮಾಡ್ತಿ?” ಎಂದು ಮಾಮಾ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಮಾಮಾ ಕೆಟ್ಟವರಲ್ಲ. ಕುಡಿದವರಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ. ನಮ್ಮ ಕಡೆಯ ಗಂಡಸರು ಹೇಗೋ ಹಾಗೆ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಕ್ಕೂ ಅವರಿಗೆ ನಾಚಿಕೆ. “ಏ” ಅಂದರೆ ಅಕ್ಕ. “ಏ, ಇಲ್ಲಿ” ಅಂದರೆ ಅಕ್ಕ ಬೇಗ ಬರಬೇಕು. (ನಗಬೇಡಿ. ನಿಮ್ಮ ಮನೆಯಲ್ಲಿ ನೀವು ಏನೆಂದು ಕರೆಯುತ್ತೀರಿ?)

ಹೋದ ಮಳೆಗಾಲದಲ್ಲಿ ಅಕ್ಕನಿಗೆ ಗಂಟಲು ನೋಯಲು ಶುರುವಾಯಿತು. ಥಂಡಿ ಇರಬೇಕೆಂದು ಕಷಾಯ ಕುಡಿದಳು. ಮೊದಲು ರೊಟ್ಟಿ ನಿಂತಿತು. ಆಮೇಲೆ ಅನ್ನ ನಿಂತಿತು. ದೀಪಾವಳಿಯ ಹೊತ್ತಿಗೆ ತೆಳ್ಳಗಿನ ಅಂಬಲಿಯಷ್ಟೇ ಉಳಿದಿತ್ತು. ದನಿಯೂ ಅಡಗಿತು. ಮನೆಮಂದಿಗೆಲ್ಲ ಬಡಿಸಿ ಆದ ಮೇಲೆ ಅವಳು ಒಳಗೊಬ್ಬಳೇ ಉಣ್ಣುವವಳು. ಏನು ಉಣ್ಣುತ್ತಾಳೆ, ಎಷ್ಟು ಉಣ್ಣುತ್ತಾಳೆ, ಯಾರು ನೋಡಬೇಕು? ಕುಪ್ಪಸ ಸಡಿಲಾದ ಮೇಲೆಯೇ ಮನೆಯವರಿಗೆ ಗೊತ್ತಾದದ್ದು. ಮಿರಜಿನ ಡಾಕ್ಟರು ಪರೀಕ್ಷೆ ಮಾಡಿ, ತಡಮಾಡದೆ ಮುಂಬಯಿಗೆ ಹೋಗಿ ಅಂದರು.

ಇಂಗ್ಲಿಷ್ ಬಲ್ಲವನೆಂದು ನನ್ನನ್ನೂ ಜೊತೆಗೆ ಕರೆದುಕೊಂಡರು. ಕುಡಚಿಯಲ್ಲಿ ರೈಲು ಹತ್ತಿ, ಪುಣೆಯಲ್ಲಿ ಗಾಡಿ ಬದಲಿಸಿ, ಮುಂಬಯಿ ಮುಟ್ಟಿದೆವು. (ಹೆಸರಿಗೆ ನಾವೂ ಮುಂಬಯಿಯವರೇ. ಸಂಸ್ಥಾನಗಳು ಹೋಗಿ ಮುಂಬಯಿ ರಾಜ್ಯ ಬಂದ ಮೇಲೆ ನಮ್ಮ ಕಚೇರಿಗಳ ಬೋರ್ಡುಗಳ ಮೇಲೂ ಅದೇ ಹೆಸರು. ಈ ಸಂಗತಿ ಮುಂಬಯಿಗೆ ಮಾತ್ರ ಗೊತ್ತಿಲ್ಲ.)

ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಮಾಮಾನನ್ನೂ ನನ್ನನ್ನೂ ಒಳಗೆ ಕರೆದರು. ಅಕ್ಕ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ಡಾಕ್ಟರು ಇಂಗ್ಲಿಷಿನಲ್ಲಿ ಸಣ್ಣ ದನಿಯಲ್ಲಿ ಹೇಳಿದರು. ಕ್ಯಾನ್ಸರ್. ಬಹಳ ತಡವಾಗಿದೆ. ಆಪರೇಷನ್ ಮಾಡುವ ಹಾಗಿಲ್ಲ. ನೋವಿಗೆ ಔಷಧ ಕೊಡುತ್ತೇನೆ, ಊರಿಗೆ ಕರೆದುಕೊಂಡು ಹೋಗಿ.

ಮಾಮಾ ಡಾಕ್ಟರನ್ನು ನೋಡುತ್ತಿರಲಿಲ್ಲ. ನನ್ನ ಬಾಯಿ ನೋಡುತ್ತಿದ್ದರು. ಆ ನಾಲ್ಕು ಮಾತುಗಳನ್ನು ನಾನು ಕನ್ನಡದಲ್ಲಿ ಹೇಳಬೇಕಾಯಿತು. ಇಷ್ಟು ವರ್ಷ ಇಂಗ್ಲಿಷ್ ಕಲಿತದ್ದು ಇದಕ್ಕೇ ಏನು?

“ಅಕಿಗೆ ಹೇಳಬ್ಯಾಡ,” ಅಂದರು ಮಾಮಾ.

ಹೊರಗೆ ಬಂದೆವು. ಅಕ್ಕ ಪಿಸುದನಿಯಲ್ಲಿ ಕೇಳಿದಳು, “ಏನಂದ್ರು?”

“ಔಷಧ ಬರದು ಕೊಟ್ಟಾರಕ್ಕಾ. ಊರಾಗ ಇದ್ದು ತಗೊಂಡ್ರ ಸಾಕಂತ.”

“ಇಷ್ಟ ಹೇಳಾಕ ಅಷ್ಟೊತ್ತು ಬೇಕಾತೇನು?”

ನಾನು ಔಷಧದ ಅಂಗಡಿ ಹುಡುಕುವ ನೆಪದಲ್ಲಿ ಮುಂದೆ ನಡೆದೆ.

ಮರುದಿನ ಬೆಳಿಗ್ಗೆ ಮಾಮಾ ಎಲ್ಲಿಗೋ ಹೋದರು. ಬಂದಾಗ ಗಡ್ಡ ಬೋಳಿಸಿಕೊಂಡಿದ್ದರು. ಇಸ್ತ್ರಿ ಮಾಡಿದ ಕೋಟು ಹಾಕಿದ್ದರು. ನಾವು ಇಳಿದುಕೊಂಡಿದ್ದ ಕೋಣೆಯ ಬಾಗಿಲಲ್ಲಿ ನಿಂತು, “ನೀಲವ್ವಾ, ಸಂಜಿಕೆ ಛಲೋ ಸೀರಿ ಉಟ್ಕೋ. ಆ ಹೋಟೆಲಿಗೆ ಹೋಗೂನು,” ಅಂದರು.

ನಾನು ಅವರನ್ನು ಹೊರಗೆ ಎಳೆದುಕೊಂಡು ಹೋದೆ. “ಮಾಮಾ, ತಲಿ ಕೆಟ್ಟೈತೇನು ನಿಮಗ? ಅಕಿಗೆ ನೀರ ಇಳಿವಲ್ದು. ಹೋಟೆಲದಾಗ ಕುಂತು ಏನ ಮಾಡ್ಬೇಕು?”

“ಭಾಳ ಸರ್ತಿ ಕೇಳಿದ್ಳೋ,” ಅಂದರು ಅವರು. “ನಗಿಚಾಟಕಿ ಮಾಡಿ ಬಿಟ್ಟಬಿಟ್ಟೆ. ಈಗರ ತೋರಸ್ತೇನಿ. ಬರೇ ನೋಡ್ಲಿ.”

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಏನನ್ನಾದರೂ ಮಾಡಲೇಬೇಕೆಂಬ ಮನುಷ್ಯನಿಗೆ ಮಾಡಲು ಏನೂ ಉಳಿದಿಲ್ಲದಿದ್ದಾಗ ಅವನು ಏನು ಮಾಡಬೇಕು?

ಸಂಜೆ ಟ್ಯಾಕ್ಸಿಯಲ್ಲಿ ಹೋದೆವು. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟಿದ್ದಳು. ಕಾವಲುಗಾರ ಮಾಮಾನ ಧೋತರ ನೋಡಿದ, ಅಕ್ಕನ ಕಾಲುಂಗುರ ನೋಡಿದ, ಬಾಗಿಲು ತೆಗೆಯಲಿಲ್ಲ. ನಾನು ಇಂಗ್ಲಿಷಿನಲ್ಲಿ ಎರಡು ಮಾತು ಗಟ್ಟಿಯಾಗಿ ಆಡಿದೆ. ತೆಗೆದ. ನನ್ನ ಇಂಗ್ಲಿಷು ಅದೇ ಎರಡು ದಿನಗಳಲ್ಲಿ ಎರಡನೇ ಸಲ ಉಪಯೋಗಕ್ಕೆ ಬಂತು.

ಲಿಫ್ಟು ಮೇಲೇರುವಾಗ ಅಕ್ಕ ನನ್ನ ತೋಳು ಬಿಗಿಯಾಗಿ ಹಿಡಿದಿದ್ದಳು.

ಕಿಟಕಿಯ ಪಕ್ಕದ ಮೇಜು ಸಿಕ್ಕಿತು. ಕಿಟಕಿಯೆಂದರೆ ನೆಲದಿಂದ ಸೂರಿನವರೆಗೂ ಗಾಜು. ಕೆಳಗೆ ದಂಡೆಗುಂಟ ಬಾಗಿದ ರಸ್ತೆ, ಮೋಟಾರುಗಳು, ಅಡ್ಡಾಡುವ ಜನ. ಆಚೆ ಸಮುದ್ರ. ಹೊತ್ತು ಮುಳುಗುತ್ತಿತ್ತು. ಅಕ್ಕ ಗಾಜಿಗೆ ಹಣೆ ತಾಗಿಸಿ ಬಹಳ ಹೊತ್ತು ನೋಡಿದಳು. ಮಾಮಾ ಸಮುದ್ರ ನೋಡಲೇ ಇಲ್ಲ, ಅಕ್ಕನನ್ನು ನೋಡುತ್ತಿದ್ದರು.

“ಇಷ್ಟು ಮಂದಿ ಎಲ್ಲಿಗೆ ಹೊಂಟಾರೋ ತಮ್ಮಾ?”

“ಎಲ್ಲಿಗೂ ಇಲ್ಲಕ್ಕಾ. ಗಾಳಿ ತಗೊಳಾಕ ಬರ್ತಾರ.”

“ಮನ್ಯಾಗ ಕೆಲಸಿಲ್ಲೇನು ಇವರಿಗೆ?”

ಸುತ್ತಲಿನ ಮೇಜುಗಳಲ್ಲಿ ಸೂಟಿನವರು, ಮುತ್ತಿನ ಸರದ ಹೆಂಗಸರು. ಪಾನನಿಷೇಧದ ಕಾಲವಲ್ಲವೇ, ಬೇರರುಗಳು ಬರಿಯ ನಿಂಬೆ ಶರಬತ್ತನ್ನೇ ಭಾರಿ ಗಂಭೀರವಾಗಿ ಸುರಿಯುತ್ತಿದ್ದರು. ಮಾಮಾ ಮೆನು ಕಾರ್ಡು ಮುಟ್ಟಲಿಲ್ಲ. ಹಿಂದಿನ ಸಲ ತಿಂದದ್ದನ್ನೇ ಕೈಯಲ್ಲಿ ಆಕಾರ ಮಾಡಿ ತೋರಿಸಿದರು, ನಾನು ಬೇರರಿಗೆ ಹೇಳಿದೆ. ಸೂಪು, ತರಕಾರಿ ಪಲಾವು, ವಟಾಣಿ ಹಾಕಿದ ಏನೋ ಒಂದು.

“ಇಲ್ಲಿ ಅಡಗಿಮನಿ ಎಲ್ಲಾರಿಗೂ ಒಂದೇನು?” ಎಂದು ಅಕ್ಕ ಅನುಮಾನದಿಂದ ಕೇಳಿದಳು.

“ಬ್ಯಾರೆ ಬ್ಯಾರೆ ಅದಾವ,” ಅಂದರು ಮಾಮಾ. (ಅವರಿಗೂ ಗೊತ್ತಿರಲಿಲ್ಲ.)

ಮೂವರ ಮುಂದೆಯೂ ತಟ್ಟೆಗಳು ಬಂದವು. ಅಕ್ಕ ಗಂಡನ ಎದುರು ಕುಳಿತದ್ದನ್ನು, ಅವಳ ತಟ್ಟೆಗೆ ಬೇರೆಯವರು ಬಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಚಮಚ ಸೂಪು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಕುತ್ತಿಗೆಯ ನರಗಳು ಬಿಗಿದವು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ನೀವು ಉಣ್ರಿ. ನಾ ನೋಡ್ತೇನಿ.”

ಹೇಗೆ ಉಣ್ಣುವುದು? ಚಮಚ ಕೆಳಗಿಟ್ಟೆವು. ಅವಳು ಬಿಡಲಿಲ್ಲ. “ಉಣ್ರಿ ಅಂದ್ನೆಲ್ಲಾ. ಹೆಂಗೈತಿ ಪಲಾವ?”

“ಛಲೋ ಐತಿ,” ಅಂದರು ಮಾಮಾ.

“ಬರೇ ಛಲೋ ಅಂದ್ರ? ಖಾರ ಐತೇನು?”

“ಇಲ್ಲ. ಬೆಣ್ಣಿ ಭಾಳ ಹಾಕ್ಯಾರ. ಉಪ್ಪು ಒಂದೀಟು ಕಡಿಮಿ.”

“ವಟಾಣಿ?”

“ಎಳೀವು ಅದಾವ. ಸಿಹಿ ಹತ್ತತಾವ.”

ಅಕ್ಕನ ಕೈಯ ಅಡುಗೆ ಹೇಗಿದೆ ಎಂದು ಒಂದು ದಿನವೂ ಬಾಯಿ ಬಿಟ್ಟು ಹೇಳದಿದ್ದ ಮನುಷ್ಯ ಅಂದು ತುತ್ತು ತುತ್ತಿನ ರುಚಿ ಹೇಳಿದರು. ಅವಳು ಮೇಜಿನ ಮೇಲೆ ಬಾಗಿ ಕೇಳಿದಳು. ಹೇಳುತ್ತ ಹೇಳುತ್ತ ಮಾಮಾನ ದನಿ ಒಡೆಯಿತು. “ಕೈ ತೊಳಕೊಂಡು ಬರ್ತೇನಿ,” ಎಂದು ಎದ್ದು ಹೋದರು. ಊಟ ಇನ್ನೂ ಅರ್ಧ ಉಳಿದಿತ್ತು.

ಅವರು ಮರೆಯಾದದ್ದೇ ಅಕ್ಕ ನನ್ನ ಕಡೆ ತಿರುಗಿದಳು. “ತಮ್ಮಾ, ಡಾಕ್ಟರ ಖರೆ ಏನಂದ್ರು?”

“ಹೇಳಿದ್ನೆಲ್ಲಕ್ಕಾ. ಔಷಧ ತಗೊಂಡ್ರ ಆರಾಮ ಆಗ್ತೈತಂತ.”

“ಆರಾಮ ಆಗೂದಿದ್ರ ನನ್ನ ಇಲ್ಲಿಗೆ ಯಾಕ ಕರಕೊಂಡು ಬರ್ತಿದ್ರು?”

ನಾನು ಮೇಜಿನ ಮೇಲಿನ ಚಮಚವನ್ನು ಅತ್ತಿತ್ತ ಸರಿಸಿದೆ.

“ನಿನ್ನಿಯಿಂದ ಹೆಸರ ಹಿಡದು ಕರ್ಯಾಕತ್ತಾರ. ಮುಂಜಾನೆ ನನ್ನ ಚಪ್ಪಲಿ ತಂದು ಕಾಲ ಮುಂದ ಇಟ್ರು. ನಾ ಏನ ಕೂಸೇನು, ತಿಳಿಯೂದಿಲ್ಲೇನು?”

ಅವಳ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಕಣ್ಣಲ್ಲಿತ್ತು.

“ಒರಸ್ಕೋ. ಅವರು ಬಂದಗಿಂದಾರು. ನನಗ ತಿಳದೈತಿ ಅಂತ ಅವರ ಮುಂದ ಅನಬ್ಯಾಡ. ಆಸೆದಿಂದ ಕರಕೊಂಡು ಬಂದಾರ.”

ಮಾಮಾ ಬಂದರು. ಬರುವಾಗಲೇ ಐಸ್‌ಕ್ರೀಮ್ ಹೇಳಿ ಬಂದಿದ್ದರು. ಅದು ಕರಗಿ ನೀರಾಗುತ್ತದೆ, ಇಳಿಯಬಹುದು ಎಂಬುದು ಅವರ ಲೆಕ್ಕ. ಅಕ್ಕ ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ತೆಗೆದುಕೊಂಡಳು. ಕಾದೆವು. ಇಳಿಯಿತು. ಇನ್ನೊಂದು ಚಮಚ. ಅದೂ ಇಳಿಯಿತು.

“ತಂಪ ಹತ್ತತೈತಿ,” ಅಂದಳು.

“ಇಳೀತ ನೋಡೋ! ಇಳೀತ!” ಮಾಮಾ ಕುರ್ಚಿಯಿಂದ ಅರ್ಧ ಎದ್ದರು. ಡಾಕ್ಟರು ಹೇಳಿದ್ದೆಲ್ಲ ಸುಳ್ಳಾಯಿತು ಎಂಬಂತಿತ್ತು ಅವರ ಮುಖ. ಆ ಬಟ್ಟಲು ಮುಗಿಯುವ ಮೊದಲೇ ಇನ್ನೊಂದು ತರಿಸಿದರು. ತಾವೇ ಚಮಚ ಹಿಡಿದು ಅವಳ ಬಾಯಿಗೆ ಇಟ್ಟರು, ಅಷ್ಟು ಜನರ ನಡುವೆ. ಅಕ್ಕ ಬೇಡ ಅನ್ನಲಿಲ್ಲ. ಅನ್ನಬೇಕಿತ್ತು.

ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಇಳಿದದ್ದೆಲ್ಲ ಹೊರಗೆ ಬಂತು. ಮೂಗಿನಲ್ಲೂ ಬಂತು. ಬಿಳಿಯ ಮೇಜುಬಟ್ಟೆಯ ಮೇಲೆ ಸ್ವಲ್ಪ ರಕ್ತವೂ ಬಿತ್ತು. ಪಕ್ಕದ ಮೇಜಿನ ಹೆಂಗಸು ಕುರ್ಚಿ ತಿರುಗಿಸಿಕೊಂಡು ಕುಳಿತಳು. ವಯಸ್ಸಾದ ಬೇರರ್ ಓಡಿಬಂದು ಆ ಕಲೆಯ ಮೇಲೆ ಒಂದು ನ್ಯಾಪ್‌ಕಿನ್ ಹಾಸಿದ. ಬಾಯಿಗೆ ನೀರು ಬೇಕೇ ಎಂದು ಮರಾಠಿಯಲ್ಲಿ ಕೇಳಿದ. ಮಾಮಾ ಹೆಗಲ ಮೇಲಿನ ವಸ್ತ್ರದಿಂದ ಅಕ್ಕನ ಮುಖ ಒರೆಸುತ್ತ, “ಆತು, ಆತು, ಏನೂ ಆಗಿಲ್ಲ,” ಅನ್ನುತ್ತಲೇ ಇದ್ದರು.

ಅಷ್ಟರಲ್ಲಿ ಕೆಳಗಿನ ರಸ್ತೆಯ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು. ಜನ ಆ ನೋಟಕ್ಕಾಗಿಯೇ ಅಲ್ಲಿಗೆ ಬರುವುದಂತೆ. ನಾವು ಲಿಫ್ಟಿನ ಕಡೆ ನಡೆದಿದ್ದೆವು.

ಊರಿಗೆ ಬಂದ ಮೇಲೆ ಅಕ್ಕ ಹೆಚ್ಚು ದಿನ ಉಳಿಯಲಿಲ್ಲ. ಇದ್ದಷ್ಟು ದಿನ ಓಣಿಯ ಹೆಂಗಸರು ನೋಡಲು ಬರುತ್ತಿದ್ದರು. ತೇರದಾಳದಿಂದ ಮಗಳು ಬಂದು ಪಕ್ಕದಲ್ಲೇ ಇದ್ದಳು. ಬಂದವರಿಗೆಲ್ಲ ಅಕ್ಕ ಕಾಯಿಲೆಯ ಮಾತು ಹೇಳುತ್ತಿರಲಿಲ್ಲ. ಹೋಟೆಲಿನ ಮಾತು ಹೇಳುತ್ತಿದ್ದಳು, ಪಿಸುದನಿಯಲ್ಲಿ, ನಿಂತು ನಿಂತು.

“ಪಲಾವ ತಿಂದ್ನಿ. ಬೆಣ್ಣಿ ಭಾಳ ಹಾಕಿದ್ರು. ಉಪ್ಪು ಒಂದೀಟು ಕಡಿಮಿ ಇತ್ತು. ವಟಾಣಿ ಎಳೀವು, ಸಿಹಿ ಹತ್ತಿದ್ವು.”

“ಪುಣ್ಯಾ ಮಾಡೀರಿ ಬಿಡ್ರಿ ನೀಲಕ್ಕಾ. ಎಂಥಾ ಗಂಡನ್ನ ಪಡದೀರಿ!” ಅಂದಳು ಪಕ್ಕದ ಮನೆಯವಳು.

ಮಾಮಾ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ಅದು ಕಿವಿಗೆ ಬಿದ್ದದ್ದೇ ಎದ್ದು, ಬರಿಗಾಲಿನಲ್ಲೇ ಓಣಿಯ ಕೊನೆಯವರೆಗೆ ನಡೆದುಹೋದರು.

ಒಂದು ಮಧ್ಯಾಹ್ನ, ಓಣಿಯ ಮಗ್ಗಗಳೆಲ್ಲ ನಡೆಯುತ್ತಿರುವಾಗ, ಅಕ್ಕ ಹೋದಳು.

ದಿನಕರ್ಮ ಮುಗಿದು ನೆಂಟರೆಲ್ಲ ಚದುರಿದ ಮೇಲೆ ಮಾಮಾ ನನ್ನನ್ನು ಕೇಳಿದರು, “ಅಕಿಗೆ ತಿಳದಿತ್ತೇನು?”

ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. “ಹೋಟೆಲದಾಗ ತಿಳೀತು,” ಅಂದೆ.

“ನೀ ಹೇಳಿದ್ಯಾ?”

“ಇಲ್ಲ ಮಾಮಾ. ಕರಕೊಂಡು ಹೋದ್ರೆಲ್ಲ, ಅದರಾಗ ತಿಳೀತು.”

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಮಡಿಚಿದರು, ಮತ್ತೆ ಬಿಚ್ಚಿದರು. ಆಮೇಲೆ ಅಂದರು, “ಮೊದಲ ಕರಕೊಂಡು ಹೋಗಿದ್ರ ಹೊಟ್ಟಿತುಂಬ ಉಂಡು ಬರ್ತಿದ್ಳು.” ಮತ್ತೆ, “ಇದನ್ನ ಪೇಪರದಾಗ ಬರೀತಿಯೇನು?” ಎಂದರು.

“ಬ್ಯಾಡಂದ್ರ ಬರ್ಯೂದಿಲ್ಲ.”

“ಬರಿ,” ಅಂದರು.

ಬರೆದಿದ್ದೇನೆ. ನಮ್ಮ ಕಡೆಯ ಗಂಡಸರಿಗೆ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಇದೆ. ಆದರೆ ಅದನ್ನು ಹೊರಗೆ ತೆಗೆಯಲು ಡಾಕ್ಟರು ಹೇಳಬೇಕು. ಅಲ್ಲಿಯವರೆಗೆ ನಾಚಿಕೆ, ಅಲ್ಲಿಯವರೆಗೆ ವ್ಯಾಪಾರ, ಅಲ್ಲಿಯವರೆಗೆ ‘ನೀ ಬಂದು ಏನ ಮಾಡ್ತಿ’. ಹಾಗಾಗಿಯೇ ನಮ್ಮ ಹೆಂಗಸರಿಗೆ ಆ ಪ್ರೀತಿ ಕಂಡ ಕೂಡಲೇ ಸಾವೂ ಕಾಣುತ್ತದೆ.

ಇವತ್ತು ಸಂಜೆ ಮನೆಗೆ ಹೋಗಿ, ‘ನಡಿ, ಇಬ್ಬರೂ ಎಲ್ಲಿಗಾದರೂ ಹೋಗಿ ಉಂಡು ಬರೋಣ’ ಎಂದು ನಿಮ್ಮ ಹೆಂಡತಿಗೆ ಹೇಳಿ ನೋಡಿ. ಅವಳು ಸೀರೆ ಬದಲಿಸಲು ಏಳುತ್ತಾಳೋ, ಡಾಕ್ಟರು ಏನಂದರು ಎಂದು ಕೇಳುತ್ತಾಳೋ?