ಒಡೆಯದೆ ಬಿಟ್ಟ ಬಂಡೆ

ಹಂಪಿಗೆ ಹೊರಡುವ ಹಿಂದಿನ ಸಂಜೆ ಶೇಂಗಾ ಚಟ್ನಿ ಕುಟ್ಟುತ್ತ ಅಪ್ಪನಿಗೆ ಒಂದು ಮಾತು ಹೇಳಿದೆ. ಹೇಳಬಾರದಿತ್ತು.

"ಯಪ್ಪಾ, ನಾಳೆ ನಮ್ಮ ಸಾಲಿಯವರು ಯಾರರ ನೀ ಏನ್ ಮಾಡ್ತಿದ್ದಿ ಅಂತ ಕೇಳಿದ್ರ, ಒಕ್ಕಲುತನ ಅಂತ ಹೇಳಿಬಿಡು."

ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪ ತಲೆ ಎತ್ತಿ ನೋಡಿದ. "ಹೂನವ್ವಾ" ಎಂದ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ನಾಲ್ಕು ಮಾತಾಡಿ ನಾನೇ ಗೆದ್ದುಬಿಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಪಕ್ಕದ ಮನೆಗೆ ಹೋದ. ಆ ಮನೆಯ ಯಜಮಾನರು ಹೊಲ, ಎತ್ತು ಎಲ್ಲ ಇದ್ದವರು, ಅಪ್ಪನ ಎಲೆಯಡಿಕೆ ಗೆಳೆಯರು. ಅಡಿಕೆ ತರಲು ಹೋಗಿರಬೇಕು ಎಂದುಕೊಂಡು ನಾನು ಚಟ್ನಿಗೆ ಉಪ್ಪು ಹಾಕಿದೆ. ಅಪ್ಪ ಬಹಳ ಹೊತ್ತು ಬರಲಿಲ್ಲ.

ಅಪ್ಪ ಕಲ್ಲು ಒಡೆಯುತ್ತಿದ್ದ. ಇರಕಲ್ಲಗಡದ ಸುತ್ತಲಿನ ಗುಡ್ಡಗಳಲ್ಲಿ ನಲವತ್ತು ವರ್ಷ ಬಂಡೆ ಸೀಳಿ, ಮಂದಿಯ ಮನೆಗೆ ಚಪ್ಪಡಿ, ಮಂದಿಯ ಹೊಲಕ್ಕೆ ಬೇಲಿಗಂಬ ಮಾಡಿಕೊಟ್ಟವನು. ನಮಗೆ ಒಂದು ಗುಂಟೆ ಹೊಲವಿರಲಿಲ್ಲ. ನಾನು ಎಂಟನೆಯ ತರಗತಿಗೆ ಕೊಪ್ಪಳದ ಹಾಸ್ಟೆಲ್ ಸೇರಿದ ವಾರ ಮಾಸ್ತರರು ಒಬ್ಬೊಬ್ಬರನ್ನೇ ಎಬ್ಬಿಸಿ ತಂದೆಯ ಉದ್ಯೋಗ ಕೇಳಿದರು. ನನ್ನ ಪಕ್ಕದವಳು "ಒಕ್ಕಲುತನ ರಿ" ಎಂದು ಕೂತಳು. ನಾನೂ ಎದ್ದು "ಒಕ್ಕಲುತನ ರಿ" ಎಂದು ಕೂತೆ.

ಅಂದಿನ ಆ ಸುಳ್ಳು ನನ್ನ ಜೊತೆಗೇ ಓದಿ, ಪಾಸಾಗಿ, ನೌಕರಿಗೂ ಸೇರಿತು. ಕುಷ್ಟಗಿಯ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಬಂದ ಮೇಲಂತೂ ಅದಕ್ಕೆ ನೀರು ಗೊಬ್ಬರ ಎರಡನ್ನೂ ಹಾಕಬೇಕಾಯಿತು. "ಈ ಸಲ ನಿಮ್ಮ ಕಡೆ ಶೇಂಗಾ ಹೆಂಗ್ರೀ ಟೀಚರ್?" ಎಂದು ಯಾರಾದರೂ ಕೇಳಿದರೆ ಬೆಳಿಗ್ಗೆ ಪೇಪರಿನಲ್ಲಿ ಓದಿದ್ದನ್ನೇ ಒಪ್ಪಿಸುತ್ತಿದ್ದೆ. ಮಳೆ ಕೈಕೊಟ್ಟ ವರ್ಷ ಮುಖ ಸಪ್ಪಗೆ ಮಾಡುತ್ತಿದ್ದೆ, ಬಂದ ವರ್ಷ ನಗುತ್ತಿದ್ದೆ. ಹೊಲವೇ ಇಲ್ಲದೆ ಹದಿನಾಲ್ಕು ವರ್ಷ ಒಕ್ಕಲುತನ ಮಾಡಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಸುತ್ತಿ ಬಳಸಿ ಹೇಳುವುದೇಕೆ, ನನಗೆ ನಾಚಿಕೆಯಿತ್ತು. ಅಪ್ಪನ ಕೈಯ ದುಡಿಮೆಯಿಂದಲೇ ಓದಿದೆ, ಆ ಕೈಯನ್ನು ನಾಲ್ಕು ಜನಕ್ಕೆ ತೋರಿಸಲು ನಾಚಿದೆ. ಅವ್ವ ತೀರಿಕೊಂಡ ಮೇಲೆ ಅಪ್ಪ ಕುಷ್ಟಗಿಗೆ ನಮ್ಮ ಮನೆಗೆ ಬಂದಾಗ ಆ ನಾಚಿಕೆಗೆ ಭಯವೂ ಸೇರಿಕೊಂಡಿತು. ಅಪ್ಪನ ಅಂಗೈ ನೋಡಿದವರು ಅದು ನೇಗಿಲು ಹಿಡಿದ ಕೈ ಅಲ್ಲವೆಂದು ಹೇಳಿಬಿಟ್ಟಾರು. ಎಡಗೈಯ ಹೆಬ್ಬೆರಳಿಗೆ ಉಗುರೇ ಇಲ್ಲ, ಎಂದೋ ಸುತ್ತಿಗೆ ತಿಂದದ್ದು.

ಹಂಪಿಗೆ ಹೊರಟದ್ದು ಶಾಲೆಯ ಸಿಬ್ಬಂದಿ. ಮನೆಮಂದಿಯನ್ನೂ ಕರೆತನ್ನಿ ಎಂದವರು ನಮ್ಮ ಹೆಡ್ ಮೇಡಂ. "ನಿಮ್ಮ ತಂದಿಯವರನ್ನ ಬಿಟ್ಟು ಬಂದೀರಿ ಮತ್ತ" ಎಂದು ನನಗೆ ಬೇರೆಯಾಗಿಯೇ ಹೇಳಿದ್ದರು. ಅಪ್ಪ ಅಷ್ಟು ಹತ್ತಿರವಿದ್ದೂ ಹಂಪಿ ನೋಡಿರಲಿಲ್ಲ. ದಿನಾ ಗುಡ್ಡ ಹತ್ತುವವನಿಗೆ ಇನ್ನೊಂದು ಗುಡ್ಡ ನೋಡಲು ಬಿಡುವು ಎಲ್ಲಿಯದು?

ಬೆಳಿಗ್ಗೆ ಆರಕ್ಕೆ ಟೆಂಪೊ ಹೊರಟಿತು. ತಾವರಗೇರಾ ದಾಟಿದ ಮೇಲೂ ಅಪ್ಪ ಕಿಟಕಿಯ ಪಕ್ಕ ಕೂತು, ಕಣ್ಣು ಅರೆ ಮುಚ್ಚಿ, ಬೆರಳು ಮಡಚುತ್ತ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದ. ಹಿಂದಿನ ಸೀಟಿನಲ್ಲಿದ್ದ ನಮ್ಮ ಗಣಿತದ ಮಾಸ್ತರರು "ಅಜ್ಜಾರು ಜಪಕ್ಕ ಕುಂತಾರ, ಯಾರೂ ಮಾತಾಡಸಬ್ಯಾಡ್ರಿ" ಎಂದು ಎಲ್ಲರನ್ನೂ ನಗಿಸಿದರು. ನನಗೆ ಸೋಜಿಗವೆನಿಸಿತು. ದೇವರಿಗೆ ಊದುಬತ್ತಿ ಹಚ್ಚಿ ಕೈಮುಗಿಯುವುದಕ್ಕಿಂತ ಹೆಚ್ಚಿನ ಭಕ್ತಿ ಅಪ್ಪನಲ್ಲಿ ನಾನು ಕಂಡಿರಲಿಲ್ಲ. ವಯಸ್ಸಾಯಿತಲ್ಲ, ಇರಲಿ ಎಂದುಕೊಂಡೆ.

ಗಂಗಾವತಿ ದಾಟಿ, ಭತ್ತದ ಗದ್ದೆಗಳ ಹಸಿರು ಮುಗಿಯುತ್ತಿದ್ದಂತೆ ಆನೆಗೊಂದಿಯ ಬಂಡೆಗಳು ಒಂದರ ಮೇಲೊಂದು ಕಾಣಿಸಿದವು. ಅಪ್ಪನ ಬೆರಳು ನಿಂತವು.

"ಯವ್ವಾ, ಏನ್ ಕಲ್ಲು! ಏನ್ ಕಲ್ಲಬೇ ಇವು!" ಎಂದು ಕಿಟಕಿಯ ಗಾಜಿಗೆ ಮೂಗು ಹಚ್ಚಿದ. ನಾನು ಮೆಲ್ಲಗೆ ಅವನ ಮೊಣಕೈ ಒತ್ತಿದೆ. ಅಪ್ಪನಿಗೆ ತಿಳಿಯಿತು, ಸುಮ್ಮನಾದ.

ವಿರೂಪಾಕ್ಷನ ದರ್ಶನವಾಯಿತು. ಎಲ್ಲರೂ ಕತ್ತೆತ್ತಿ ಗೋಪುರ ನೋಡಿದರೆ ಅಪ್ಪ ಕತ್ತು ಬಗ್ಗಿಸಿ ಹಾಸುಗಲ್ಲಿನ ಅಂಚು ನೋಡುತ್ತಿದ್ದ. ಮಧ್ಯಾಹ್ನ ಹೊಳೆದಂಡೆಯ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರನ್ನ. ಹೊಳೆಯ ಗಾಳಿಗೆ ಎಲ್ಲರೂ ಒಂದೊಂದು ರೊಟ್ಟಿ ಹೆಚ್ಚೇ ತಿಂದರು. ಆಗ ಹೆಡ್ ಮೇಡಂ ಅಪ್ಪನ ಕಡೆ ತಿರುಗಿ, "ಅಜ್ಜಾರ, ಈ ಸಲ ಹೊಲಕ್ಕ ಏನ್ ಹಾಕೀರಿ?" ಎಂದು ಕೇಳಿಯೇಬಿಟ್ಟರು.

ಅಪ್ಪ ತುತ್ತು ನುಂಗಿ, ಬೆನ್ನು ನೆಟ್ಟಗೆ ಮಾಡಿ ಬಾಯಿ ತೆರೆದ. ನಾನು ನಡುವೆ ಬಾಯಿ ಹಾಕಿದೆ. "ಮೇಡಂ, ನಿಮಗ ಇನ್ನೊಂದ್ ರೊಟ್ಟಿ ಹಾಕ್ತೀನ್ರಿ" ಎಂದು ಅವರ ತಟ್ಟೆಗೆ ರೊಟ್ಟಿ ಹಾಕಿ, ಎಣ್ಣೆಗಾಯಿ ಸುರಿದು, ಮಾತನ್ನು ಬದನೆಕಾಯಿಯ ಮೇಲೆ ತಂದು ನಿಲ್ಲಿಸಿದೆ. ಅಪ್ಪ ತೆರೆದ ಬಾಯಿ ಮುಚ್ಚಿಕೊಂಡ. ಪಾಪ, ಅವನ ಮುಖ ಸ್ವಲ್ಪ ಬಾಡಿದಂತಾಯಿತು.

ಊಟವಾದ ಮೇಲೆ ಹೊಳೆದಂಡೆಯ ದಾರಿಯಲ್ಲಿ ವಿಠ್ಠಲನ ಗುಡಿಯ ಕಡೆ ನಡೆದೆವು. ನಡುದಾರಿಯಲ್ಲಿ ಗೈಡ್ ಒಂದು ದೊಡ್ಡ ಬಂಡೆಯ ಹತ್ತಿರ ನಿಂತ. ಬಂಡೆಯ ಬೆನ್ನಿನ ಮೇಲೆ ಒಂದೇ ಸಾಲಿನಲ್ಲಿ ಏಳು ತೂತುಗಳು. ಮೊದಲ ಮೂರು ಆಳವಾಗಿದ್ದವು, ಉಳಿದ ನಾಲ್ಕು ಬರೀ ಗುರುತಿನಷ್ಟು.

"ಹಿಂಗ ತೂತು ಹೊಡದು, ಬೆಣಿ ಬಡದು ಕಲ್ಲು ಸೀಳತಿದ್ರು ನೋಡ್ರಿ. ಈ ಕಲ್ಲು ಮಾತ್ರ ಅರ್ಧಕ್ಕ ನಿಂತೈತಿ. ಯಾಕ ಹೇಳ್ರಿ? ಯುದ್ಧ ಬಂತು! ಕೆಲಸದವರು ಚಾಣ ಸುತ್ತಿಗಿ ಬಿಸಾಕಿ ಓಡಿಹೋದ್ರು."

ಎಲ್ಲರೂ "ಅಯ್ಯ ಪಾಪ" ಎಂದು ಫೋಟೊ ತೆಗೆದುಕೊಂಡರು. ನಾನು ಅಪ್ಪನನ್ನು ಹುಡುಕಿದೆ. ಅವನು ಬಂಡೆಯ ಆಚೆ ಮಗ್ಗುಲಲ್ಲಿದ್ದ. ಗುಡಿಯಲ್ಲ, ಏನಲ್ಲ, ಆದರೂ ಚಪ್ಪಲಿ ಕಳಚಿಟ್ಟಿದ್ದ. ಗುಡ್ಡದಲ್ಲಿ ಕೆಲಸಕ್ಕೆ ಕೂರುವ ಮೊದಲೂ ಹಾಗೇ ಕಳಚುತ್ತಿದ್ದ, ನಾನು ಬುತ್ತಿ ಒಯ್ದಾಗ ನೋಡುತ್ತಿದ್ದೆ. ಉಗುರಿಲ್ಲದ ಆ ಹೆಬ್ಬೆರಳನ್ನು ಒಂದೊಂದೇ ತೂತಿನೊಳಗೆ ಇಳಿಸಿ ನೋಡುತ್ತಿದ್ದ. ಮೂರನೆಯದಕ್ಕೆ ಬಂದು ನಿಂತ. ಒಂದು ಹರಳುಗಲ್ಲು ಎತ್ತಿಕೊಂಡು ಬಂಡೆಗೆ ಟಕ್ ಟಕ್ ಎಂದು ಬಡಿದು, ಎಡಗಿವಿ ಹಚ್ಚಿದ. ಬಲಗಿವಿ ಎಂದೋ ಸುತ್ತಿಗೆಯ ಸದ್ದಿಗೆ ಹೋಗಿದೆ. ಅವನ ಮುಖದಲ್ಲಿ ನಗು ಮೂಡಿತು. ಗೈಡಿನ ಕಡೆ ನೋಡಿ ತಲೆ ಅಲ್ಲಾಡಿಸಿ ಏನೋ ಹೇಳಹೊರಟ.

ಅಷ್ಟರಲ್ಲಿ ನಾನು ನೋಡುತ್ತಿರುವುದು ಕಂಡಿತು. ಅಪ್ಪ ಹರಳನ್ನು ಸದ್ದಾಗದಂತೆ ಕೆಳಗಿಟ್ಟ. ಕೈಯೆರಡನ್ನೂ ಧೋತರಕ್ಕೆ ಒರೆಸಿ ಬೆನ್ನ ಹಿಂದೆ ಕಟ್ಟಿಕೊಂಡ. ಶಾಲೆಯಲ್ಲಿ ಉತ್ತರ ಗೊತ್ತಿದ್ದೂ ಬೈಸಿಕೊಳ್ಳುವ ಭಯಕ್ಕೆ ಕೈ ಎತ್ತದ ಮಕ್ಕಳನ್ನು ನಾನು ದಿನವೂ ನೋಡುತ್ತೇನೆ. ಅಪ್ಪ ಹಾಗೆ ನಿಂತಿದ್ದ. ನನಗೆ ತಡೆಯಲಾಗಲಿಲ್ಲ.

"ಸರ, ನಮ್ಮಪ್ಪಾರನ್ನ ಕೇಳ್ರಿ" ಎಂದು ಗೈಡಿಗೆ ಹೇಳಿದೆ. ದನಿ ಬೇಕಾದ್ದಕ್ಕಿಂತ ಜೋರಾಯಿತು. "ಅವರು ನಲವತ್ತು ವರ್ಷ ಕಲ್ಲು ಒಡದಾರ. ಒಕ್ಕಲುತನ ಅಲ್ರಿ ಮೇಡಂ, ನಾ ಸುಳ್ಳು ಹೇಳಿದ್ದೆ. ನಮಗ ಹೊಲಾನ ಇಲ್ಲ."

 ಗಣಿತದ ಮಾಸ್ತರರು, "ಹಂಗಾರ ವರ್ಷಾ ವರ್ಷಾ ನಿಮ್ಮ ಶೇಂಗಾ ಎಲ್ಲಿ ಬೆಳೀತಿತ್ರೀ ಟೀಚರ್?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಣ್ಣಲ್ಲಿ ನೀರೂ ಬಂತು. ಹೆಡ್ ಮೇಡಂ ನಗಲಿಲ್ಲ. ಅಪ್ಪನ ಹತ್ತಿರ ಹೋಗಿ, "ಹೇಳ್ರಿ ಅಜ್ಜಾರ, ಇದು ಯಾಕ ನಿಂತೈತಿ?" ಎಂದರು.

ಅಪ್ಪ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಹರಳನ್ನು ಮತ್ತೆ ಎತ್ತಿಕೊಂಡು ಮೇಡಂ ಅವರ ಕೈಗೇ ಕೊಟ್ಟ.

"ಇಲ್ಲಿ ಬಡೀರಿ. ಕೇಳ್ರಿ, ಛಲೋ ಗಡಿಗಿ ಬಡದಂಗ ಐತಿ, ಹೌದಿಲ್ರಿ? ಈಗ ಇಲ್ಲಿ, ಮೂರನೇದರ ಮುಂದ. ಸಪ್ಪಳ ಸತ್ತೈತಿ. ಒಳಗ ಅಡ್ಡ ಬಿರುಕು ಅದ. ಮೇಲೆ ನೋಡಿದ್ರ ಕಾಣೂದಿಲ್ಲ. ಬೆಣಿ ಬಡದಿದ್ರ ಕಲ್ಲು ಹೇಳಿದಂಗ ಕೇಳತಿದ್ದಿಲ್ಲ, ಅಡ್ಡಾದಿಡ್ಡಿ ಒಡದು ಹಾಳಾಗತಿತ್ತು. ಮೂರನೇ ತೂತಿನಾಗ ಅವಗ ಗೊತ್ತಾಗೇತಿ. ಬಿಟ್ಟಾನ. ಓಡಿಹೋಗಿಲ್ರಿ ಅವ. ಎದ್ದು ಬ್ಯಾರೆ ಕಲ್ಲಿಗೆ ಹೋಗ್ಯಾನ. ಭಾಳ ಶಾಣ್ಯಾ ಮನಷ್ಯಾ."

ನಂತರ ಎಲ್ಲರೂ ಸರದಿಯಲ್ಲಿ ಬಂದು ಬಂಡೆ ಬಡಿದು ಕಿವಿಗೊಟ್ಟರು. ಗೈಡ್ ಎರಡು ಸಲ ಬಡಿದು, "ನಾಳಿಯಿಂದ ಯುದ್ಧ ಬಿಟ್ಟು ಇದನ್ನ ಹೇಳ್ತೀನ್ರಿ ಅಜ್ಜಾರ" ಎಂದ. ನಾನು ಪ್ರತಿ ವರ್ಷ ಮಕ್ಕಳಿಗೆ ಹಂಪಿಯ ಬೀದಿಯಲ್ಲಿ ಮುತ್ತು ರತ್ನ ಮಾರಿದ ಕಥೆ ಹೇಳಿದವಳು. ಆ ಬೀದಿಗೆ ಕಲ್ಲು ಎಲ್ಲಿಂದ ಬಂತೆಂದು ಒಮ್ಮೆಯೂ ಹೇಳಿರಲಿಲ್ಲ. ವಿಠ್ಠಲನ ಗುಡಿಯಲ್ಲಿ ಅಪ್ಪನ ಸುತ್ತಲೇ ಜನ. ಅಪ್ಪ ಒಂದು ಕಂಬ ತೋರಿಸಿ ಮಾತಾಡುತ್ತಿದ್ದ, ಗೈಡ್ ಹಿಂದೆ ನಿಂತು ಕೇಳುತ್ತಿದ್ದ. ನನಗೆ ದಣಿವು, ಬಿಸಿಲು ಯಾವುದೂ ಗೊತ್ತಾಗಲಿಲ್ಲ, ಅಷ್ಟು ಹಾಯಾಗಿತ್ತು.

ಸಂಜೆ ಗಂಗಾವತಿಯಲ್ಲಿ ಚಹಾಕ್ಕೆ ನಿಂತೆವು. ಅಂಗಡಿಯ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತು ಅವನ ಕೈ ನನ್ನ ಮಡಿಲಿಗೆ ಎಳೆದುಕೊಂಡೆ.

"ಯಪ್ಪಾ, ಬೆಳಿಗ್ಗೆ ಯಾವ ದೇವರ ಜಪ ಮಾಡ್ತಿದ್ದಿ?"

"ಯಾವ ಜಪ?" ಅಪ್ಪ ನಕ್ಕ. "ನೀ ಒಕ್ಕಲುತನ ಅಂತ ಹೇಳು ಅಂದ್ಯಲ್ಲ. ಮುಂದ ಮತ್ತೇನರ ಕೇಳ್ಯಾರು ಅಂತ ಬಾಜೂಮನಿಯವರ ಕಡೆ ಎಲ್ಲಾ ಕೇಳ್ಕೊಂಡು ಬಂದಿದ್ದೆ. ಯಾವ ಮಳಿಗೆ ಏನ್ ಬಿತ್ತತಾರ, ಎಷ್ಟು ಸಲ ಎಡಿ ಹೊಡದು ಕಸಾ ತಗೀತಾರ, ಎಲ್ಲಾ. ಅದನ್ನ ಬಾಯಿಪಾಠ ಮಾಡಕೋತ ಕುಂತಿದ್ದೆ. ತಪ್ಪಿ ಹೇಳಿದ್ರ ನಿನ್ನ ಮಾನ ಹೋಗತಿತ್ತಲ್ಲವ್ವಾ. ಊಟದಾಗ ನಿಮ್ಮ ಹೆಡ್ ಬಾಯಾರು ಕೇಳಿದಾಗ ನನಗ ಬರತಿತ್ತು. ನೀನ ಹೇಳಗೊಡಲಿಲ್ಲ."

 ಚಹಾ ಕುಡಿದಂತೆ ಮಾಡಿ, "ಈಗ ನನಗ ಹೇಳು" ಎಂದೆ.

ಅಪ್ಪ ಬೆನ್ನು ನೆಟ್ಟಗೆ ಮಾಡಿದ. "ಮಿರಗದ ಮಳಿಗೆ ಹೆಸರುಕಾಳು" ಎಂದು ಒಂದು ಬೆರಳು ಮಡಚಿದ. ಎರಡನೆಯ ಬೆರಳು ಮಡಚಿ ಯೋಚಿಸಿದ, ಬಿಚ್ಚಿದ, ಮತ್ತೆ ಮಡಚಿದ.

"ಮರತೇ ಹೋತು ನೋಡು" ಎಂದ. "ಆ ಕಲ್ಲು ನೋಡಿದ ಮ್ಯಾಲ ಎಲ್ಲಾ ಮರತೆ."