ಅತ್ತೆಯವರ ನೀಲಿಪಟ್ಟೆ ಜೇನು

ಶಿಕ್ಷಕಿಯಾಗಿ ನಿವೃತ್ತರಾದ ನಮ್ಮ ಅತ್ತೆಯವರು ಹುಬ್ಬಳ್ಳಿಯ ಬೈರಿದೇವರಕೊಪ್ಪದ ನಮ್ಮ ಮನೆಯ ಹಿತ್ತಲಲ್ಲಿ ತುಳಸಿಗೆ ನೀರು ಹಾಕಲು ಹೋದರೆ ಬೇಗ ಒಳಗೆ ಬರುತ್ತಿರಲಿಲ್ಲ. ಹೂವಿಗೆ ಬರುವ ಜೇನುಗಳ ಫೋಟೋ ತೆಗೆಯುವ ಹುಚ್ಚು ಅವರಿಗೆ ಹತ್ತಿತ್ತು. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ, ಯಾರು ಬೇಕಾದರೂ ನೋಡಬಹುದಾದ ಜಾಲತಾಣವೊಂದಕ್ಕೆ ಆ ಫೋಟೋಗಳನ್ನು ಏರಿಸುವುದನ್ನು ನಾನೇ ಕಲಿಸಿಕೊಟ್ಟೆ. ಮೈಮೇಲೆ ನೀಲಿ ಪಟ್ಟೆಗಳಿದ್ದ ಒಂದು ಜೇನೆಂದರೆ ಅವರಿಗೆ ಪ್ರಾಣ. ಅದು ಬಂತೆಂದರೆ ಒಲೆಯ ಮೇಲಿನ ಹಾಲು ಉಕ್ಕಿತೆಂದೇ ಲೆಕ್ಕ.

ನಾನು ವಿದ್ಯಾನಗರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಒಂದು ರಜೆಯಲ್ಲಿ ಅದೇ ತಾಣದಿಂದ ಹುಬ್ಬಳ್ಳಿ-ಧಾರವಾಡದ ಮಾಹಿತಿ ಇಳಿಸಿಕೊಂಡು ಗ್ರಾಫ್ ಹಾಕಿ ನೋಡಿದೆ. ನೀಲಿಪಟ್ಟೆ ಜೇನಿನ ಗೆರೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗಿತ್ತು. ಎಲ್ಲೆಡೆ ಜೇನು ಕಡಿಮೆಯಾಗುತ್ತಿದೆ ಎನ್ನುವ ಕಾಲದಲ್ಲಿ ನಮ್ಮೂರಲ್ಲಿ ಹೆಚ್ಚಾಗಿದೆಯಲ್ಲ ಎಂದು ಓಡಿಹೋಗಿ ಹೇಳಿದೆ. ಅತ್ತೆಯವರು ಆ ಸಂತೋಷಕ್ಕೆ ಶಿರಾ ಮಾಡಿದರು. ತಿನ್ನುತ್ತ ದಾಖಲೆಗಳ ಜಾಗವನ್ನು ನಕ್ಷೆಯಲ್ಲಿ ತೆಗೆದು ನೋಡಿದರೆ, ಬಹುಪಾಲು ಚುಕ್ಕಿಗಳು ನಮ್ಮ ಹಿತ್ತಲಲ್ಲೇ ಕೂತಿದ್ದವು. ಹೆಚ್ಚಿದ್ದು ಅತ್ತೆಯವರ ಫೋಟೋ. ಜೇನು ಹೆಚ್ಚಿತೋ ಇಲ್ಲವೋ ತಿಳಿಯುವಂತಿರಲಿಲ್ಲ.

ಹೇಳಲು ಮನಸ್ಸಾಗಲಿಲ್ಲ, ಆದರೂ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಹಂಗಾರ ನಾ ತಗದದ್ದೆಲ್ಲಾ ಸುಳ್ಳಾತೇನವಾ?"

"ಸುಳ್ಳಲ್ರಿ ಅತ್ತ್ಯಾರ. ಒಂದ ಹಿತ್ತಲಾ ನೋಡಿ ಊರ ಮಾತ ಹೇಳಾಕ ಬರೂದಿಲ್ರಿ, ಅಷ್ಟ. ಬ್ಯಾರೆ ಕಡೆನೂ ನೋಡಬೇಕು. ಜೇನ ಬರಲಾರದ ದಿನಾನೂ ಬರೀಬೇಕು."

ಅಂದೆಲ್ಲ ಅವರು ಸಪ್ಪಗಿದ್ದರು. ಮರುದಿನ ನೋಡಿದರೆ ಧಾರವಾಡದ ಹತ್ತಿರದ ಹೆಬ್ಬಳ್ಳಿ ಎಂಬ ಹಳ್ಳಿಯಲ್ಲಿರುವ ತಂಗಿಗೆ ಫೋನ್ ಹಚ್ಚಿ, ಹೊಲದಲ್ಲಿ ಕುಸುಬೆ ಹೂಬಿಟ್ಟಿದೆಯೇ ಎಂದು ವಿಚಾರಿಸುತ್ತಿದ್ದರು. ವಚನ ಓದಲು ಕೂಡುವ ಗೆಳತಿಯರನ್ನೂ ಬಿಡಲಿಲ್ಲ. ಈಗ ಅವರೆಲ್ಲ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ತಂತಮ್ಮ ಗಿಡಗಳ ಮುಂದೆ ಕೂಡುತ್ತಾರೆ. ಕಂಡದ್ದನ್ನೂ ಕಾಣದ್ದನ್ನೂ ನನಗೆ ಕಳಿಸುತ್ತಾರೆ.

ಕಳೆದ ಚಳಿಗಾಲದಲ್ಲಿ ಅತ್ತೆಯವರೊಡನೆ ಹೆಬ್ಬಳ್ಳಿಗೆ ಹೋದೆ. ಮೊಣಕಾಲು ನೋವೆಂದು ಅವರು ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ತಂಗಿ ಚಹಾ ತಂದು ಬೀಗರ ಸುದ್ದಿ ತೆಗೆದರೆ, ಸುಮ್ಮನಿರು ಎಂದು ಸನ್ನೆ ಮಾಡಿದರು. ಹೆಜ್ಜೇನು ಬಂದವು, ಸಣ್ಣ ಜೇನೂ ಬಂದವು. ನೀಲಿಪಟ್ಟೆಯದು ಬರಲೇ ಇಲ್ಲ.

"ಬರಲಿಲ್ಲಂತ ಹಾಕವಾ," ಎಂದರು, ಮುಖ ಸಣ್ಣದು ಮಾಡಿಕೊಂಡು.

ಹೆಚ್ಚುತ್ತಿವೆಯೋ ಇಳಿಯುತ್ತಿವೆಯೋ ಗೊತ್ತಾಗಲು ಇನ್ನೂ ಕೆಲವು ವರ್ಷ ನೋಡಬೇಕಾಗುತ್ತದೆ ಎಂದೆ. ಮೊಣಕಾಲಿನ ಆಪರೇಷನ್ ಬೇಡವೇ ಬೇಡವೆಂದು ಹಠ ಹಿಡಿದಿದ್ದ ಅತ್ತೆಯವರು, ಊರಿಗೆ ಮರಳಿದ ವಾರದಲ್ಲೇ ತಾವಾಗಿ ಡಾಕ್ಟರ ಬಳಿ ಹೋಗೋಣವೆಂದರು. ಮುಂದಿನ ಕುಸುಬೆಯ ಹೊತ್ತಿಗೆ ಬದುವಿನ ಮೇಲೆ ಓಡಾಡುವಂತಾಗಬೇಕಂತೆ.